ಅವ್ವನ ಪರ್ಫೆಕ್ಟ್ ಗೇಮ್

ಬೇಸ್‌ಬಾಲ್ ಎಂಬ ಆಟವನ್ನು ನಾನು ಕಲಿತದ್ದು ನೌಕರಿ ಉಳಿಸಿಕೊಳ್ಳಲಿಕ್ಕೆ. ಹೈದರಾಬಾದಿನ ಪಶ್ಚಿಮಕ್ಕೆ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳನ್ನು ನಿಲ್ಲಿಸುತ್ತಿದ್ದ ವರ್ಷಗಳು ಅವು. ಅಂಥದೊಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಹೆಡ್‌ಸೆಟ್ ಹಾಕಿಕೊಂಡು ನಾನು ಅಮೆರಿಕದವರ ಫೋನು ತೆಗೆದುಕೊಳ್ಳುತ್ತಿದ್ದೆ. ಅವರ ಪ್ರಿಂಟರು ಕಾಗದ ನುಂಗಿದರೆ ಅದನ್ನು ಹೇಗೆ ಕಕ್ಕಿಸಬೇಕೆಂದು ಮೆಹದಿಪಟ್ಟಣಂ ಬಡಾವಣೆಯ ನನ್ನಂಥ ಹುಡುಗಿಯೊಬ್ಬಳು ಹೇಳಿಕೊಡಬೇಕು. ಪ್ರಿಂಟರಿನ ವಿಷಯವನ್ನು ನಮಗೆ ಒಂದು ವಾರದಲ್ಲಿ ಕಲಿಸಿ ಮುಗಿಸಿದರು. ಅಮೆರಿಕದವರ ವಿಷಯ ಕಲಿಸುವುದಕ್ಕೆ ಒಂದು ತಿಂಗಳು ಹಿಡಿಯಿತು.

ಆ ತರಬೇತಿಯಲ್ಲಿ ಎರಡು ಸಂಗತಿಗಳನ್ನು ತಲೆಗೆ ಮೊಳೆ ಹೊಡೆದ ಹಾಗೆ ಕೂರಿಸಿದ್ದರು. ಒಂದು, ಫೋನಿನಲ್ಲಿ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಮಾತಿಲ್ಲದೆ ಇರಬಾರದು. ಅದಕ್ಕೆ ‘ಡೆಡ್ ಏರ್’ ಎಂದು ಹೆಸರು, ಸತ್ತ ಗಾಳಿ. ಕರೆಗಳೆಲ್ಲ ರೆಕಾರ್ಡ್ ಆಗುತ್ತಿದ್ದವು. ಕ್ವಾಲಿಟಿ ವಿಭಾಗದವರು ಅವುಗಳಲ್ಲಿ ಯಾವುದೋ ಒಂದನ್ನು ಎತ್ತಿಕೊಂಡು ಕೇಳಿ, ಶಾಲೆಯ ಮಾಸ್ತರರ ಹಾಗೆ ಅಂಕ ಹಾಕಿದ ಹಾಳೆಯನ್ನು ಕೈಗಿಡುತ್ತಿದ್ದರು. ಇನ್ನೊಂದು, ಅಮೆರಿಕದವರ ದಿನನಿತ್ಯದ ಮಾತಿನಲ್ಲಿ ಅರ್ಧಕ್ಕರ್ಧ ಬೇಸ್‌ಬಾಲಿನಿಂದ ಬಂದದ್ದು. ಅದು ತಿಳಿಯದಿದ್ದರೆ ಗಿರಾಕಿ ತಮಾಷೆ ಮಾಡಿ ನಗುವಾಗ ನೀವು ಪ್ರಿಂಟರಿನ ಮಾಡೆಲ್ ನಂಬರ್ ಕೇಳುತ್ತ ಕೂತಿರುತ್ತೀರಿ ಎಂದು. ನನಗೆ ಎರಡು ಸಲ ಹಾಗೇ ಆಗಿ ಅಂಕ ಹೋಯಿತು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಆನ್‌ಸೈಟಿಗೆ ಎಂದು ಅಮೆರಿಕಕ್ಕೇ ಹೋಗಿ ಬಂದಿದ್ದ ಸಹೋದ್ಯೋಗಿಯೊಬ್ಬನಿಂದ ಒಂದು ಹಳೆಯ ವಿಡಿಯೊ ಗೇಮ್ ಪೆಟ್ಟಿಗೆಯನ್ನೂ ಅದರ ಜೊತೆಗಿದ್ದ ಒಂದೇ ಒಂದು ಬೇಸ್‌ಬಾಲ್ ಡಿಸ್ಕನ್ನೂ ಕೊಂಡು ಮನೆಗೆ ತಂದೆ.

ಮನೆಯಲ್ಲಿದ್ದದ್ದು ಅವ್ವ ಮತ್ತು ನಾನು. ಅಪ್ಪ ತೀರಿಕೊಂಡು ಹತ್ತು ವರ್ಷವಾಗಿತ್ತು. ಅಣ್ಣ ಮದುವೆಯಾಗಿ ಉಪ್ಪಲ್ ಕಡೆ ಮನೆ ಮಾಡಿದ್ದ. ಊರಿನ ಆ ತುದಿಯಿಂದ ಈ ತುದಿಗೆ ಬರುವುದೆಂದರೆ ಅವನಿಗೆ ಪರದೇಶ ಪ್ರಯಾಣ. ತಿಂಗಳಿಗೊಮ್ಮೆ ಮುಖ ತೋರಿಸಿದರೆ ಪುಣ್ಯ. ನಾವು ಮೂಲತಃ ರಾಯಚೂರು ಕಡೆಯವರು. ಅಜ್ಜ ಸರ್ಕಾರಿ ನೌಕರಿ ಹಿಡಿದು ಇಲ್ಲಿಗೆ ಬಂದಮೇಲೆ ಹೊಸ್ತಿಲೊಳಗೆ ಕನ್ನಡ, ಹೊಸ್ತಿಲ ಹೊರಗೆ ತೆಲುಗು, ಆಟೊದವರ ಜೊತೆ ಜಗಳಕ್ಕೆ ಹಿಂದಿ ಎಂದು ನಮ್ಮ ಮನೆಯಲ್ಲಿ ಹಂಚಿಕೆಯಾಗಿತ್ತು.

ಅವ್ವ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಬೇರೆ ಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲದಿಂದ ಮೊದಲುಗೊಂಡು ಮೂವತ್ತು ವರ್ಷ ಅವಳು ಜನರನ್ನು ಜನರಿಗೆ ಜೋಡಿಸಿದ್ದಳು. ಅವಳ ದನಿ ಬಲ್ಲವರು ಊರ ತುಂಬ ಇದ್ದರು, ಮುಖ ಬಲ್ಲವರು ಕಡಿಮೆ. ಒಮ್ಮೆ ಹಿಮಾಯತ್‌ನಗರದ ಸೀರೆ ಅಂಗಡಿಯಲ್ಲಿ ಅವಳು ಅಂಚು ಸಣ್ಣದಿರುವುದನ್ನು ತೋರಿಸಿ ಎಂದದ್ದಷ್ಟೇ, ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಮುದುಕ ಎದ್ದು ನಿಂತು, ನೀವು ಟ್ರಂಕ್ ಆಪರೇಟರ್ ಅಲ್ಲವೇ ಎಂದು ಕೇಳಿದ. ಅವನಿಗೆ ಮಗ ಹುಟ್ಟಿದ ಸುದ್ದಿ ನಾಗಪುರದಿಂದ ಬಂದಾಗ ಲೈನು ಜೋಡಿಸಿದವಳು ಇವಳಂತೆ. ಅವ್ವನಿಗೆ ನೆನಪಿರಲಿಲ್ಲ, ಆದರೂ ದಾರಿಯುದ್ದಕ್ಕೂ ಬೀಗಿಕೊಂಡೇ ಬಂದಳು. ಆಪರೇಟರ್ ಕೆಲಸದಲ್ಲಿ ಮಾತು ಕೇಳುವುದು ದೊಡ್ಡದಲ್ಲ, ಆ ಕಡೆ ರಿಸೀವರ್ ಹಿಡಿದು ಮಾತಾಡದೆ ನಿಂತವರನ್ನು ಕೇಳಿಸಿಕೊಳ್ಳಲು ಬರಬೇಕು ಎನ್ನುತ್ತಿದ್ದಳು. ಸಾವಿನ ಸುದ್ದಿ ಬಂದ ಲೈನು ಅವಳಿಗೆ ಯಾರೂ ಬಾಯಿ ತೆರೆಯುವ ಮೊದಲೇ ಗೊತ್ತಾಗುತ್ತಿತ್ತಂತೆ.

ನಿವೃತ್ತಿಯಾದ ಮೇಲೆ ಅವಳ ಬೆರಳುಗಳಿಗೆ ಕೆಲಸವಿಲ್ಲದೆ ನನ್ನ ಬೆನ್ನು ಹತ್ತಿದ್ದಳು. ನನ್ನ ಕ್ಯಾಬು ಬರುವುದು ಸಂಜೆ ಐದಕ್ಕೆ. ಮಧ್ಯಾಹ್ನ ಊಟವಾದ ಮೇಲೆ ನಾನು ಟಿವಿ ಮುಂದೆ ಕೂತು ಬೇಸ್‌ಬಾಲ್ ಕಲಿಯಲು ಹೆಣಗುತ್ತಿದ್ದರೆ ಅವಳು ಹಿಂದೆ ಕೂತು ಶೇಂಗಾ ಸುಲಿಯುತ್ತ ನೋಡುತ್ತಿದ್ದಳು. ನಾನು ಸೋಲುವುದನ್ನು ಒಂದು ವಾರ ಸಹಿಸಿಕೊಂಡಳು. ಎಂಟನೇ ದಿನ, ಆ ರಿಮೋಟು ಇತ್ತ ಕೊಡು ಎಂದಳು.

ಹೊಡೆಯುವುದು ಅವಳಿಗೆ ಸೇರಲಿಲ್ಲ. ಎಸೆಯುವುದು ಸೇರಿತು. ಯಾವ ಬಗೆಯ ಚೆಂಡು ಎಂದು ಒಂದು ಗುಂಡಿ ಒತ್ತಬೇಕು, ಎಲ್ಲಿಗೆ ಎಂದು ಕಡ್ಡಿ ತಿರುಗಿಸಬೇಕು, ಗೆರೆಯೊಂದು ಏರುತ್ತ ಹೋಗಿ ಗುರುತು ಮುಟ್ಟಿದ ಕ್ಷಣಕ್ಕೆ ಬೆರಳು ಬಿಡಬೇಕು. ಮೂವತ್ತು ವರ್ಷ ಟೆಲಿಫೋನ್ ಬೋರ್ಡಿನಲ್ಲಿ ಪ್ಲಗ್ಗು ಚುಚ್ಚಿ ಕಿತ್ತ ಕೈ ಅದು. ಆ ಕ್ಷಣ ಅವಳಿಗೆ ತಪ್ಪುತ್ತಿರಲಿಲ್ಲ. ಹೀಗೆ ನಮ್ಮಿಬ್ಬರ ಪಾಲುದಾರಿಕೆ ಶುರುವಾಯಿತು. ನಮ್ಮ ತಂಡ ಹೊಡೆಯುವಾಗ ರಿಮೋಟು ನನ್ನ ಕೈಗೆ, ಎಸೆಯುವಾಗ ಅವಳ ಕೈಗೆ, ಎದುರಾಳಿ ಕಂಪ್ಯೂಟರು. ಆಟದ ಕಷ್ಟವನ್ನು ಐದು ಮಟ್ಟಗಳಲ್ಲಿ ಇಡಬಹುದಿತ್ತು. ನಾವು ಮೂರರಲ್ಲಿ ಇಟ್ಟುಕೊಂಡು ಎರಡು ಆಟ ಸೋತರೆ ಒಂದು ಗೆಲ್ಲುತ್ತಿದ್ದೆವು. ನನ್ನ ಹೊಡೆತದ ಬಗ್ಗೆ ಅವಳು ಆಡುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಆ ಮಾತುಗಳೇ ಒಡಕು ದನಿಯಲ್ಲಿ ಬರುತ್ತಿವೆ ಎಂಬುದನ್ನು ನಾನು ಗಮನಿಸಿದ್ದು ಬಹಳ ತಡವಾಗಿ. ಮೊದಲು ಥಂಡಿ ಅಂದುಕೊಂಡೆವು. ಆಮೇಲೆ ಮೆಣಸಿನ ಕಷಾಯ, ಜ್ಯೇಷ್ಠಮಧು, ಪಕ್ಕದ ಮನೆಯವರು ಹೇಳಿದ ಗುಳಿಗೆ. ಮೂರು ತಿಂಗಳಾದರೂ ದನಿ ಸರಿಹೋಗದೆ, ರೊಟ್ಟಿಯ ತುತ್ತು ಗಂಟಲಲ್ಲಿ ನಿಲ್ಲತೊಡಗಿದಾಗ ದೊಡ್ಡ ಆಸ್ಪತ್ರೆಗೆ ಹೋದೆವು. ಕೊಳವೆ ಇಳಿಸಿ ನೋಡಿದರು, ಚೂರು ಕಿತ್ತು ಪರೀಕ್ಷೆಗೆ ಕಳಿಸಿದರು. ಫಲಿತಾಂಶದ ದಿನ ಅಣ್ಣ, ನಾನು ಇಬ್ಬರೇ ಹೋದೆವು.

ಡಾಕ್ಟರು ಒಳ್ಳೆಯ ಮನುಷ್ಯ. ತೆಲುಗು, ಇಂಗ್ಲಿಷು ಬೆರೆಸಿ ನಿಧಾನವಾಗಿ ಹೇಳಿದರು. ಕ್ಯಾನ್ಸರು ಧ್ವನಿಪೆಟ್ಟಿಗೆಯಲ್ಲಿದೆ. ಪೂರ್ತಿ ಪೆಟ್ಟಿಗೆಯನ್ನೇ ತೆಗೆದುಬಿಟ್ಟರೆ ಬದುಕುವ ಸಾಧ್ಯತೆ ಚೆನ್ನಾಗಿದೆ. ಕುತ್ತಿಗೆಯಲ್ಲಿ ಒಂದು ರಂಧ್ರ ಇರುತ್ತದೆ, ಉಸಿರು ಅದರಿಂದ. ಮಾತು ಇರುವುದಿಲ್ಲ. ರೇಡಿಯೇಷನ್ ಎಂಬ ಇನ್ನೊಂದು ದಾರಿಯೂ ಇದೆ, ದನಿ ಉಳಿದರೂ ಉಳಿಯಬಹುದು, ಆದರೆ ಕಾಯಿಲೆ ಈ ಹಂತಕ್ಕೆ ಬಂದಿರುವಾಗ ಅದನ್ನು ನಂಬಲು ತಮಗೆ ಧೈರ್ಯವಿಲ್ಲ. ರೋಗಿಗೆ ಎಲ್ಲವನ್ನೂ ಹೇಳಿ, ಅವರು ಒಪ್ಪಬೇಕು ಎಂದೂ ಹೇಳಿದರು. ನಾವು ಹೇಳುತ್ತೇವೆ ಎಂದ ಅಣ್ಣ.

ಹೊರಗೆ ಬಂದು ಮೋಟರ್‌ಸೈಕಲ್ ಹತ್ತುವ ಮೊದಲೇ ಅವನು ನಿರ್ಧಾರ ಮಾಡಿ ಆಗಿತ್ತು. ಹೇಳಿದರೆ ಅವಳು ಒಪ್ಪುವುದಿಲ್ಲ, ಒಪ್ಪದಿದ್ದರೆ ಉಳಿಯುವುದಿಲ್ಲ. ಆಪರೇಷನ್ ಆಗಿಬಿಡಲಿ, ಆಮೇಲೆ ಒಂದು ವಾರ ಅಳುತ್ತಾಳೆ, ಜೀವ ಇರುತ್ತದಲ್ಲ. ಗಂಟಲಲ್ಲಿ ಸಣ್ಣ ಗಂಟು, ಮೂವತ್ತು ವರ್ಷ ಮಾತಾಡಿದ್ದಕ್ಕೆ ಬಂದದ್ದು, ತೆಗೆದರೆ ದನಿ ಮೊದಲಿನ ಹಾಗಾಗುತ್ತದೆ ಎಂದು ಹೇಳುವುದು. ರಿಪೋರ್ಟುಗಳು ಇಂಗ್ಲಿಷಿನಲ್ಲಿದ್ದವು, ಅವ್ವನಿಗೆ ಇಂಗ್ಲಿಷು ಬರುತ್ತದೆ. ಅದಕ್ಕೆ ಅವು ಅಣ್ಣನ ಜೊತೆ ಉಪ್ಪಲ್‌ಗೆ ಹೋದವು. ನಾನು ಇದಕ್ಕೆ ಅಲ್ಲವೆನ್ನಲಿಲ್ಲ. ಅಣ್ಣನ ಮೇಲೆ ಎಲ್ಲವನ್ನೂ ಹಾಕಿ ಕೈ ತೊಳೆದುಕೊಳ್ಳುವುದು ಸುಲಭ, ಆದರೆ ಆ ಸಂಜೆ ಅವ್ವ ನೇರವಾಗಿ ಕೇಳಿದ್ದು ನನ್ನನ್ನು. ಬರೀ ಗಂಟು ಎಂದು ಹೇಳಿದ ಬಾಯಿ ನನ್ನದೇ.

ನಮ್ಮ ಕಡೆ ಇದು ಹೊಸದೇನಲ್ಲ. ದೊಡ್ಡ ಕಾಯಿಲೆ ಬಂದರೆ ಅದರ ಹೆಸರು ಮನೆಯವರಿಗೆಲ್ಲ ಗೊತ್ತಿರುತ್ತದೆ, ಕಾಯಿಲೆ ಬಂದವರೊಬ್ಬರನ್ನು ಬಿಟ್ಟು. ಅದನ್ನು ನಾವು ಪ್ರೀತಿ ಎಂದೇ ತಿಳಿದಿದ್ದೇವೆ. ಅಪ್ಪನಿಗೂ ಹಾಗೇ ಆಗಿತ್ತು. ಕೊನೆಯವರೆಗೂ ಅವರಿಗೆ ಹೊಟ್ಟೆಯ ಹುಣ್ಣು ಎಂದೇ ಹೇಳಿಕೊಂಡು ಬಂದವಳು ಅವ್ವ.

ಅದೇ ವಾರ ನಾನು ಇನ್ನೊಂದು ಕೆಲಸ ಮಾಡಿದೆ. ಅವ್ವ ಸ್ನಾನಕ್ಕೆ ಹೋದಾಗ ಆಟವನ್ನು ಮೂರನೇ ಮಟ್ಟದಿಂದ ಒಂದಕ್ಕೆ ಇಳಿಸಿದೆ. ಅವಳ ಕೈ ಸೋಲುತ್ತಿತ್ತು, ಕೆಮ್ಮು ಬಂದು ಗೆರೆ ತಪ್ಪುತ್ತಿತ್ತು, ಸೋತಾಗ ಸುಮ್ಮನೆ ರಿಮೋಟು ಕೆಳಗಿಡುತ್ತಿದ್ದಳು. ನಾಲ್ಕು ದಿನ ಗೆಲ್ಲಲಿ ಎಂದುಕೊಂಡೆ. ಒಂದನೇ ಮಟ್ಟದಲ್ಲಿ ಆ ಆಟಗಾರರು ಎಂಥ ಚೆಂಡಿಗೂ ಕಣ್ಣು ಮುಚ್ಚಿ ಬ್ಯಾಟು ಬೀಸುತ್ತಾರೆ. ಅವ್ವ ಗೆಲ್ಲತೊಡಗಿದಳು, ನಾನು ಶಭಾಷ್ ಎನ್ನತೊಡಗಿದೆ.

ಆಸ್ಪತ್ರೆಗೆ ಸೇರುವುದು ಸೋಮವಾರ ಎಂದಾಯಿತು. ಅದರ ಹಿಂದಿನ ಶನಿವಾರ ನನಗೆ ವಾರದ ರಜೆ. ಮೆತ್ತಗೆ ಕಲಸಿದ ಅನ್ನ ಮಜ್ಜಿಗೆ ಉಂಡು ಇಬ್ಬರೂ ಟಿವಿ ಮುಂದೆ ಕೂತೆವು. ಅಣ್ಣ ಸಂಜೆ ಬರುವವನಿದ್ದ. ಫಲಿತಾಂಶ ಬಂದಾಗಿನಿಂದ ಅವನು ದಿನಾ ಬರುತ್ತಿದ್ದ. ಬೆಳಿಗ್ಗೆಯೇ ನಾನು ತೀರ್ಮಾನಿಸಿದ್ದೆ, ಇವತ್ತು ಹೇಳಿಬಿಡಬೇಕು ಎಂದು. ತಿಂಡಿಯ ಹೊತ್ತಿಗೆ ಆಗಲಿಲ್ಲ, ಊಟದ ಹೊತ್ತಿಗೂ ಆಗಲಿಲ್ಲ. ಇದೊಂದು ಆಟ ಮುಗಿಯಲಿ ಎಂದುಕೊಂಡೆ. ಹೆದರಿದವರು ಮುಂದೂಡುವುದಕ್ಕೆ ಏನು ಬೇಕಾದರೂ ಸಾಕು.

ಆಟ ಸಾಗಿತು. ಬೇಸ್‌ಬಾಲಿನಲ್ಲಿ ಒಂದೊಂದು ತಂಡಕ್ಕೂ ಒಂಬತ್ತು ಸರದಿ, ಸರದಿಗೆ ಮೂರು ಔಟ್. ಎದುರಾಳಿ ಚೆಂಡು ಹೊಡೆದು ಮೊದಲ ಬೇಸಿಗೆ ಓಡಬೇಕು. ಎಸೆಯುವವನು ನಾಲ್ಕು ಸಲ ಅಡ್ಡಾದಿಡ್ಡಿ ಎಸೆದರೂ ಹೊಡೆಯುವವನು ಪುಕ್ಕಟೆಯಾಗಿ ಮೊದಲ ಬೇಸಿಗೆ ನಡೆದು ಹೋಗುತ್ತಾನೆ. ಒಂಬತ್ತೂ ಸರದಿಗಳಲ್ಲಿ ಬಂದ ಇಪ್ಪತ್ತೇಳು ಜನರಲ್ಲಿ ಒಬ್ಬನೇ ಒಬ್ಬನೂ ಮೊದಲ ಬೇಸ್ ಮುಟ್ಟದ ಹಾಗೆ ಎಸೆದರೆ ಅದಕ್ಕೆ ಪರ್ಫೆಕ್ಟ್ ಗೇಮ್ ಎನ್ನುತ್ತಾರೆ. ಒಬ್ಬ ಮುಟ್ಟಿದರೂ ಹೋಯಿತು, ಮತ್ತೆ ಸರಿಮಾಡಲು ಬರುವುದಿಲ್ಲ. ನಿಜವಾದ ಆಟದಲ್ಲಿ ಅದು ಬಹಳ ಅಪರೂಪ. ಐದನೇ ಸರದಿ ಮುಗಿದಾಗ ನನಗೆ ಹೊಳೆಯಿತು, ಅವ್ವ ಹದಿನೈದು ಜನರನ್ನು ಕಳಿಸಿದ್ದಾಳೆ, ಒಬ್ಬನೂ ಮುಟ್ಟಿಲ್ಲ. ನಾನು ಏನೂ ಹೇಳಲಿಲ್ಲ.

ಆರನೇ ಸರದಿಯ ನಂತರ ಪರದೆಯ ಮೇಲೆ ನಮ್ಮ ಆಟಗಾರರ ಬೆಂಚು ಕಾಣಿಸಿತು. ಎಲ್ಲರೂ ಒಂದು ತುದಿಯಲ್ಲಿ ಒತ್ತಿಕೊಂಡು ಕೂತಿದ್ದರು. ಚೆಂಡು ಎಸೆಯುವವನು ಇನ್ನೊಂದು ತುದಿಯಲ್ಲಿ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಒಬ್ಬನೇ ಕೂತಿದ್ದ.

“ಇಂವ ಯಾಕ ಒಬ್ಬನ ಕುಂತಾನ? ಜಗಳಾಡ್ಯಾನೇನು?” ಎಂದು ಕೇಳಿದಳು.

ತರಬೇತಿಯ ಹಾಳೆಗಳಲ್ಲಿ ಓದಿದ್ದು ನೆನಪಿತ್ತು, ಬಾಯಿಪಾಠ ಒಪ್ಪಿಸಿದ ಹಾಗೆ ಹೇಳಿದೆ. ಅದು ಅವರಲ್ಲೊಂದು ಪದ್ಧತಿ. ಪರ್ಫೆಕ್ಟ್ ಗೇಮ್ ನಡೆಯುತ್ತಿದ್ದರೆ ಅದರ ಮಾತನ್ನು ಯಾರೂ ಎತ್ತುವುದಿಲ್ಲ. ಎಸೆಯುವವನ ಹತ್ತಿರ ಕೂರುವುದಿಲ್ಲ, ಅವನ ಮುಖ ನೋಡುವುದಿಲ್ಲ. ಬಾಯಿ ಬಿಟ್ಟರೆ ಕೆಟ್ಟುಹೋಗುತ್ತದೆ ಎಂಬ ನಂಬಿಕೆ. ಹೇಳುತ್ತಿರುವಾಗಲೇ ಎಲ್ಲಿಗೆ ಬಂದು ನಿಂತಿದ್ದೇನೆಂದು ನನಗೆ ಗೊತ್ತಾಯಿತು, ಆದರೆ ಮಾತು ಆಗಲೇ ಹೊರಗೆ ಬಿದ್ದಿತ್ತು.

ಅವ್ವ ಆ ಒಬ್ಬಂಟಿಯನ್ನೇ ನೋಡುತ್ತಿದ್ದಳು.

“ಹಂಗಾದ್ರ ಅಂವಗ ಗೊತ್ತಾಗೇ ಬಿಡತೈತಿ,” ಎಂದಳು. “ಎಲ್ಲಾರೂ ಒಮ್ಮೆಲೇ ಸುಮ್ಮನಾದ್ರ ಗೊತ್ತಾಗಂಗಿಲ್ಲೇನು?”

ನಾನು ನಕ್ಕೆನೋ ಏನೋ. ನನ್ನ ಪಾಳಿಯ ಹೊಡೆತಗಳನ್ನು ಬೇಗ ಬೇಗ ಮುಗಿಸಿ ರಿಮೋಟು ಅವಳ ಕೈಗೆ ಕೊಟ್ಟೆ. ಏಳನೇ ಸರದಿ ಆಯಿತು, ಎಂಟನೆಯದೂ ಆಯಿತು. ಇಪ್ಪತ್ತನಾಲ್ಕು ಜನ ಬಂದರು, ಹೋದರು. ಕಾಮೆಂಟರಿಯವರು ಕೂಡ ದನಿ ತಗ್ಗಿಸಿದ್ದರು. ಒಂಬತ್ತನೇ ಸರದಿಯ ಮೊದಲ ಚೆಂಡು ಎಸೆಯುವ ಮೊದಲು ಅವ್ವ ಆಟ ನಿಲ್ಲಿಸುವ ಗುಂಡಿ ಒತ್ತಿದಳು.

ಸಿಟ್ಟಿಲ್ಲದೆ, ಡ್ಯೂಟಿಯ ಮೇಲಿದ್ದವಳ ಹಾಗೆ, ಒಂದೊಂದಾಗಿ ಹೇಳಿದಳು. ತಿಂಗಳಿಗೊಮ್ಮೆ ಬರುವ ಮಗ ಹತ್ತು ದಿನದಿಂದ ಉಪ್ಪಲ್‌ನಿಂದ ದಿನಾ ಬರುತ್ತಾನೆ, ಬಂದವನು ಟಿವಿಯ ಸದ್ದು ಕಡಿಮೆ ಮಾಡುತ್ತಾನೆ. ಸಾರಿಗೆ ಉಪ್ಪು ಹೆಚ್ಚಾದರೆ ಮನೆ ಹಾರುವ ಹಾಗೆ ಕೂಗುವ ಮಗಳು ಸುಮ್ಮನೆ ಉಣ್ಣುತ್ತಾಳೆ. ಸಣ್ಣ ಗಂಟಿನ ರಿಪೋರ್ಟು ಮನೆಯಲ್ಲಿಲ್ಲ. ತಾನು ಅಡುಗೆಮನೆಯಿಂದ ಹೊರಗೆ ಬಂದರೆ ಇಬ್ಬರ ಮಾತೂ ನಿಲ್ಲುತ್ತದೆ.

ಆಮೇಲೆ ಪರದೆಯ ಕಡೆ ಗದ್ದ ತೋರಿಸಿದಳು. “ಈ ಹುಡುಗರೂ ಹೋದ ವಾರದಿಂದ ಹೊಡಿಯೋದ ಮರತಾರ. ಇದನ್ನೂ ನೀನ ಮಾಡಿಯಲ್ಲ?”

ಹೌದೆಂದೆ.

“ಮೊದಲಿನಂಗ ಮಾಡು. ಮಾಡಿ, ಡಾಕ್ಟರ್ ಏನಂದ್ರು ಹೇಳು.”

ರಿಮೋಟು ತೆಗೆದುಕೊಂಡು ಆಟವನ್ನು ಮೂರನೇ ಮಟ್ಟಕ್ಕೆ ಏರಿಸಿದೆ. ಅಷ್ಟು ಮಾಡುವಷ್ಟು ಹೊತ್ತು ಅವಳ ಮುಖ ನೋಡಬೇಕಾಗಿರಲಿಲ್ಲ. ಆಮೇಲೆ ಹೇಳಿದೆ. ಕಾಯಿಲೆಯ ಹೆಸರು ಹೇಳಿದೆ, ಎರಡು ದಾರಿ ಹೇಳಿದೆ. ಡಾಕ್ಟರು ಯಾವುದನ್ನು ನಂಬುತ್ತಾರೆ ಎಂದೂ ಹೇಳಿದೆ.

“ಗಂಟು ತೆಗದ್ರ ದನಿ ಬರತೈತಿ ಅಂದಿದ್ದಿ ನೀ.”

“ಬರಂಗಿಲ್ಲ ಅವ್ವ. ಪೂರಾ ದನಿಪೆಟ್ಟಿಗೀನ ತೆಗೀತಾರ.”

ಹಾಳು ರೂಢಿ, ನಾನು ಮನಸ್ಸಿನಲ್ಲೇ ಸೆಕೆಂಡು ಎಣಿಸತೊಡಗಿದ್ದೆ. ಹತ್ತು ದಾಟಿತು, ಇಪ್ಪತ್ತು ದಾಟಿತು. ಟಿವಿಯಲ್ಲಿ ಆಟ ನಿಂತಾಗ ಬರುವ ಅದೇ ತುಂಡು ಸಂಗೀತ ತಿರುತಿರುಗಿ ಬರುತ್ತಿತ್ತು. ಅವಳು ಕೊರಳಿಗೆ ಕೈ ಒಯ್ದಳು, ಮಂಗಳಸೂತ್ರ ಇದ್ದ ಕಾಲದಲ್ಲಿ ಹಿಡಿಯುತ್ತಿದ್ದ ಜಾಗಕ್ಕೆ.

“ನಿಮ್ಮ ಅಪ್ಪಗ ನಾನೂ ಹಿಂಗ ಮಾಡಿದ್ದೆ,” ಎಂದಳು. “ಒಂದ ಸಲ ಕೇಳಿದ್ರು ಅವರು. ಅಲ್ಸರ್ ಅಂದೆ. ಆಮ್ಯಾಲ ಕೇಳಲೇ ಇಲ್ಲ. ಮಂದಿ ಸುಮ್ಮನಿದ್ದದ್ದು ಲೈನಿನ್ಯಾಗ ಕೇಳಸ್ತಿತ್ತು ನನಗ. ಮನಿಯಾಗ ಕೇಳಸಲಿಲ್ಲ.”

ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. ನನ್ನ ಕೈಯಿಂದ ರಿಮೋಟು ತೆಗೆದುಕೊಂಡು ಆಟ ಮುಂದುವರಿಸಿದಳು.

ಈಗ ಬಂದವರು ಬೇರೆ ಜನ. ಅಡ್ಡಾದಿಡ್ಡಿ ಚೆಂಡಿಗೆ ಬ್ಯಾಟು ಅಲುಗಿಸಲಿಲ್ಲ. ಇಪ್ಪತ್ತೈದನೆಯವನು ಎತ್ತರಕ್ಕೆ ಹೊಡೆದ, ಬೇಲಿಯ ಹತ್ತಿರ ನಮ್ಮವನೊಬ್ಬ ಓಡಿಹೋಗಿ ಹಿಡಿದ. ಇಪ್ಪತ್ತಾರನೆಯವನು ಬಹಳ ಸತಾಯಿಸಿ ಕೊನೆಗೆ ನಿಧಾನದ ಚೆಂಡಿಗೆ ಬೀಸಿ ಔಟಾದ. ಇಪ್ಪತ್ತೇಳನೆಯವನಿಗೆ ಎಸೆಯುವಾಗ ಅವ್ವನಿಗೆ ಕೆಮ್ಮು ಬಂದು ಮೂರು ಚೆಂಡು ದಾರಿ ತಪ್ಪಿದವು. ಅವನು ಎರಡು ಸಲ ಬೀಸಿ ತಪ್ಪಿದ್ದ, ಮೂರನೆಯ ಸಲ ತಪ್ಪಿದರೂ, ಸರಿಯಾಗಿ ಬಂದ ಚೆಂಡನ್ನು ಬೀಸದೆ ಬಿಟ್ಟರೂ ಔಟ್. ಇನ್ನೊಂದು ತಪ್ಪು ಚೆಂಡು ಬಿದ್ದರೆ ಅವನು ಮೊದಲ ಬೇಸಿಗೆ ನಡೆದು ಹೋಗುತ್ತಾನೆ, ಇಪ್ಪತ್ತಾರು ಜನರನ್ನು ಕಳಿಸಿದ್ದೆಲ್ಲ ನೀರುಪಾಲು. ಅವ್ವ ಸೀರೆಯ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಉಸಿರು ಹಿಡಿದಳು. ಗೆರೆ ಏರಿತು, ಬೆರಳು ಬಿಟ್ಟಳು. ವೇಗದ ಚೆಂಡು, ಅವನ ಮೊಣಕಾಲಿನ ಎತ್ತರಕ್ಕೆ ನೇರವಾಗಿ ಹೋಯಿತು. ಅವನು ಬೀಸಲೇ ಇಲ್ಲ, ಮರದ ಹಾಗೆ ನಿಂತ. ಅಂಪೈರು ಕೈ ಎತ್ತಿದ.

ಟಿವಿ ಕಿರುಚಿಕೊಂಡಿತು. ಇಷ್ಟು ಹೊತ್ತು ದೂರ ಕೂತಿದ್ದವರೆಲ್ಲ ಬೆಂಚಿನಿಂದ ಎದ್ದು ಓಡಿ ಬಂದು ಎಸೆದವನ ಮೇಲೆ ಬಿದ್ದರು, ಅಪ್ಪಿಕೊಂಡರು, ಎತ್ತಿ ಕುಣಿದರು.

“ಈಗ ಬಂದ್ರ ನೋಡು ಎಲ್ಲಾರೂ,” ಎಂದಳು ಅವ್ವ.

ಅಷ್ಟೇ. ರಿಮೋಟು ಕೆಳಗಿಟ್ಟು, ಅಣ್ಣನಿಗೆ ಫೋನು ಹಚ್ಚಿ ಕೊಡು ಎಂದಳು.

ಅಣ್ಣ ಬಂದವನು ನನ್ನನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಬೈದ. ಅವಳು ಆಪರೇಷನ್ ಬೇಡವೆಂದರೆ ಆಗುವುದಕ್ಕೆಲ್ಲ ನೀನೇ ಹೊಣೆ ಎಂದ. ಆ ಮಾತು ನನ್ನೊಳಗೆ ಇಳಿದು ಎರಡು ದಿನ ಕೂತಿತ್ತು. ಅವನು ಹೇಳಿದ್ದು ನಿಜವಾದರೆ ಏನು ಮಾಡುವುದು ಎಂದು ನನಗೆ ಗೊತ್ತಿರಲಿಲ್ಲ. ಒಳಗಿನಿಂದ ಅವ್ವನ ಒಡಕು ದನಿ ಬಂತು, “ಕೊರಳು ನಂದು. ಸಹಿ ನಾ ಮಾಡ್ತೀನಿ, ನೀವಿಬ್ಬರೂ ಸುಮ್ಮನಿರ್ರಿ.”

ಸೋಮವಾರ ಡಾಕ್ಟರ ಮುಂದೆ ಕೂತು ಎಲ್ಲವನ್ನೂ ಇಂಗ್ಲಿಷಿನಲ್ಲಿ ತಾನೇ ಕೇಳಿದಳು. ನಗುವುದಕ್ಕೆ ಆಗುತ್ತದೆಯೇ, ಸೀನುವುದಕ್ಕೆ ಆಗುತ್ತದೆಯೇ, ಖಾರ ತಿನ್ನಬಹುದೇ. ಡಾಕ್ಟರು ನಮ್ಮಿಬ್ಬರ ಕಡೆ ಒಮ್ಮೆ ನೋಡಿದರು. ಕೊನೆಗೆ ಅವ್ವ ಆಪರೇಷನ್ನಿಗೇ ಒಪ್ಪಿದಳು. ಮೂವತ್ತು ವರ್ಷ ಮಂದಿಯ ಮಾತು ಕೇಳಿ ರೂಢಿಯಿದೆ, ಇನ್ನು ಕೇಳುವುದಷ್ಟೇ ಉಳಿಯಿತು ಎಂದಳು. ಆದರೆ ಒಂದು ವಾರ ಬೇಕೆಂದಳು. ಡಾಕ್ಟರು ಕೊಟ್ಟರು.

ಆ ಒಂದು ವಾರ ನಾವು ಅವಳಿಂದ ಕಸಿದುಕೊಳ್ಳಲಿದ್ದದ್ದು. ಅವಳು ಹಳೆಯ ಡೈರಿ ತೆಗೆದುಕೊಂಡು ಫೋನಿನ ಪಕ್ಕ ಕೂತಳು. ಜೊತೆಗೆ ಕೆಲಸ ಮಾಡಿದವರು, ರಾಯಚೂರಿನ ಅಕ್ಕ, ಮೂವತ್ತು ವರ್ಷದ ಹಿಂದೆ ಜಗಳಾಡಿ ಬಿಟ್ಟಿದ್ದ ವಾರಗಿತ್ತಿ, ಒಬ್ಬೊಬ್ಬರನ್ನೇ ಹಿಡಿದಳು. ಕಾಯಿಲೆಯ ಮಾತು ಯಾರಿಗೂ ಹೇಳಲಿಲ್ಲ. ಮೊಣಕಾಲು ನೋವು ಹೇಗಿದೆ, ಮೊಮ್ಮಗಳು ಶಾಲೆಗೆ ಹೋಗುತ್ತಾಳೆಯೇ, ಇಷ್ಟೇ. ದನಿ ನಿಂತುಹೋಗುವವರೆಗೆ ಮಾತಾಡಿ, ಬಿಸಿನೀರು ಕುಡಿದು, ಮುಂದಿನ ನಂಬರು ತಿರುಗಿಸುತ್ತಿದ್ದಳು. ನಾನು ಹೊಸ ಮೊಬೈಲಿನಲ್ಲಿ ಅವಳ ದನಿ ಹಿಡಿದಿಟ್ಟುಕೊಳ್ಳುತ್ತೇನೆ ಎಂದಾಗ ಒಪ್ಪಲಿಲ್ಲ. ಈ ಒಡಕು ದನಿ ಯಾರು ಕೇಳಬೇಕು, ಮೊದಲಿನದು ನೆನಪಿಟ್ಟುಕೋ ಎಂದಳು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಬೇಡವೆಂದರೂ ನನ್ನನ್ನು ಕೆಲಸಕ್ಕೆ ಕಳಿಸಿದಳು. ಸಂಜೆ ಆರೂವರೆಯ ಸುಮಾರಿಗೆ ನನ್ನ ಲೈನಿಗೆ ಕರೆ ಬಂತು. ಅಮೆರಿಕದ ಯಾವುದೋ ಪ್ರಿಂಟರು ಎಂದುಕೊಂಡು ಗುಂಡಿ ಒತ್ತಿದೆ. ರಿಸೆಪ್ಷನ್‌ನಲ್ಲಿ ಅವ್ವ ಅದು ಹೇಗೆ ದಾರಿ ಮಾಡಿಕೊಂಡಳೋ, ಆಪರೇಟರುಗಳಿಗೆ ಆಪರೇಟರು ಗೊತ್ತಾಗುತ್ತಾರೇನೋ.

“ಹೈದರಾಬಾದ್ ಟ್ರಂಕ್ ರೀ. ನಿಮ್ಮ ಕಾಲ್ ಐತಿ, ಮಾತಾಡ್ರಿ.”

ಒಡೆದ ದನಿಯೇ. ಆದರೆ ಆ ಏರಿಳಿತ, ‘ಮಾತಾಡ್ರಿ’ ಎಂಬಲ್ಲಿ ಸ್ವಲ್ಪ ಎತ್ತಿ ಬಿಡುವ ರೀತಿ, ಸೀರೆ ಅಂಗಡಿಯ ಮುದುಕನಿಗೆ ನೆನಪಿದ್ದದ್ದು ಅದೇ ಇರಬೇಕು. ನನಗೆ ನಗು ಬಂತು. ಹೇಳಬೇಕಾದ್ದು ಬೇಕಾದಷ್ಟಿತ್ತು. ಸುಳ್ಳು ಹೇಳಿದ್ದಕ್ಕೆ ನಾನು ಅವಳಲ್ಲಿ ತಪ್ಪಾಯಿತು ಎಂದೂ ಕೇಳಿರಲಿಲ್ಲ. ಸುತ್ತ ನೂರು ಜನ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ನಾನು ಮೈಕು ಬಾಯಿಗೆ ಹಿಡಿದುಕೊಂಡು ಕೂತೆ, ಒಂದಕ್ಷರ ಹೊರಡಲಿಲ್ಲ. ಆ ಕಡೆ ಅವಳು ಅವಸರ ಮಾಡಲಿಲ್ಲ. ಅವಳ ಉಸಿರು ಕೇಳಿಸುತ್ತಿತ್ತು.

“ಕೇಳಸ್ತವ್ವಾ,” ಎಂದಳು ಕೊನೆಗೆ. “ಇಡ್ತೀನಿ.”

ಆಪರೇಷನ್ ಚೆನ್ನಾಗಿ ಆಯಿತು. ಅವ್ವ ಆಮೇಲೆ ಏಳು ವರ್ಷ ಇದ್ದಳು. ಪಾಟಿಯ ಮೇಲೆ ಬರೆದು ನಮ್ಮೊಂದಿಗೆ ಜಗಳಾಡಿದಳು, ಅದೇ ಹೆಬ್ಬೆರಳುಗಳಿಂದ ಮೊಬೈಲಿನಲ್ಲಿ ನನಗಿಂತ ಬೇಗ ಮೆಸೇಜು ಒತ್ತಿದಳು, ಮೂರನೇ ಮಟ್ಟದಲ್ಲಿಯೇ ಆಡಿ ಬಹಳ ಸಲ ಸೋತಳು. ಇಪ್ಪತ್ತೇಳು ಜನರನ್ನು ಹಾಗೆ ಕಳಿಸುವುದು ಮತ್ತೆ ಆಗಲಿಲ್ಲ. ಅದರಲ್ಲಿ ಇಪ್ಪತ್ತನಾಲ್ಕು ಜನ ಸು‌ಳ್ಳು, ಮೂವರು ನಿಜ ಎಂದು ಒಮ್ಮೆ ಪಾಟಿಯ ಮೇಲೆ ಬರೆದು ತೋರಿಸಿದಳು.

ಆಪರೇಷನ್ನಿಗೆಂದು ಹಾಕಿದ್ದ ರಜೆ ಮುಗಿಸಿ ನಾನು ಕೆಲಸಕ್ಕೆ ಹೋದ ದಿನ ಮೇಜಿನ ಮೇಲೆ ಕ್ವಾಲಿಟಿಯವರ ಹಾಳೆ ಇತ್ತು. ಸಾವಿರ ಕರೆಗಳಲ್ಲಿ ಅವರು ಎತ್ತಿಕೊಂಡದ್ದು ಅವ್ವನ ಆ ಕರೆಯೊಂದನ್ನೇ. ಗಿರಾಕಿಗೆ ಸ್ವಾಗತ ಹೇಳಿಲ್ಲ, ಸಮಸ್ಯೆ ಏನೆಂದು ಕೇಳಿಲ್ಲ, ಭಾಷೆ ತಿಳಿಯಲಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ನಾನು ಆ ರೆಕಾರ್ಡಿಂಗ್ ಕೊಡಿರೆಂದು ಕೇಳಿದೆ, ಬೇಡಿಕೊಂಡೆ, ಕೊನೆಗೆ ಜಗಳಾಡಿದೆ. ಕರೆಗಳೆಲ್ಲ ಅಮೆರಿಕದ ಕಂಪನಿಯ ಸ್ವತ್ತು, ಹೊರಗೆ ಕೊಡುವ ಹಾಗಿಲ್ಲ ಎಂದರು. ಕೆಲವು ತಿಂಗಳಿಗೆ ಅವು ತಾವಾಗಿಯೇ ಅಳಿಸಿಹೋಗುತ್ತವೆ ಎಂದರು, ಅಳಿಸಿಹೋಯಿತು.

ಹಾಳೆ ನನ್ನ ಹತ್ತಿರ ಉಳಿದಿದೆ. ಅವ್ವ ಆ ಕಡೆ ನನ್ನ ಮಾತಿಗಾಗಿ ಎಷ್ಟು ಹೊತ್ತು ಕಾದಳು ಎಂಬುದು ಅದರಲ್ಲಿದೆ, ಕೆಂಪು ಶಾಯಿಯಲ್ಲಿ: ಡೆಡ್ ಏರ್, ನಲವತ್ತೊಂದು ಸೆಕೆಂಡು.